ಹಳೇ ಐಪಾಡ್‌ಗೆ ಎಷ್ಟು ಜಿಬಿ ಕಾರ್ಡ್ ಹಾಕಬಹುದು?

ಹಳೇ ಐಪಾಡ್‌ನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಹಾಕಿಕೊಂಡಿದ್ದೇನೆ ಅಂದರೆ ಸಾಕು, ಎಲ್ಲರೂ ಕೇಳೋದು ಒಂದೇ: "1 ಟಿಬಿ ಹಿಡಿಯುತ್ತಾ?"

ಮೊದಲು ನಿಮ್ಮದು ಯಾವ ಮಾಡೆಲ್ ಅಂತ ಹೇಳಿ. 2007 ಮತ್ತು 2008ರ ಐಪಾಡ್ ಕ್ಲಾಸಿಕ್ ಆದರೆ 128 ಜಿಬಿಗೇ ಮುಗಿಯಿತು, ಆಪಲ್‌ನ ಸಾಫ್ಟ್‌ವೇರ್ ಅದರಾಚೆಗಿನ ಜಾಗವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. 2009ರ ಕ್ಲಾಸಿಕ್‌ಗೆ ಈ ತೊಂದರೆ ಇಲ್ಲ. 2005-06ರ ವಿಡಿಯೋ ಐಪಾಡ್‌ಗೂ ಇಲ್ಲ, ಆದರೆ ಅಲ್ಲಿ ತಕರಾರು ತೆಗೆಯೋದು ರ‍್ಯಾಮ್. 30 ಜಿಬಿ ಮಾಡೆಲ್‌ನಲ್ಲಿ ಇರೋದೇ 32 ಎಂಬಿ. 60 ಮತ್ತು 80ರಲ್ಲಿ 64 ಎಂಬಿ. ಹಾಡುಗಳ ಪಟ್ಟಿ ಪೂರ್ತಿ ಅದರಲ್ಲೇ ಹಿಡಿಸಬೇಕು. 32 ಎಂಬಿಯದಕ್ಕೆ ಸುಮಾರು 20 ಸಾವಿರ ಹಾಡು ದಾಟಿದರೆ ಉಸಿರು ಕಟ್ಟುತ್ತದೆ, ಕಾರ್ಡ್‌ನಲ್ಲಿ ಎಷ್ಟೇ ಜಾಗ ಖಾಲಿ ಇರಲಿ.

256 ಕೆಬಿಪಿಎಸ್ ಗುಣಮಟ್ಟದ ನಾಲ್ಕು ನಿಮಿಷದ ಹಾಡು ಹೆಚ್ಚೂಕಡಿಮೆ 8 ಎಂಬಿ. ಅಂದರೆ 128 ಜಿಬಿಗೆ 16 ಸಾವಿರ ಹಾಡು. ಸಾಲದಾ? ಗುಣಮಟ್ಟ ಒಂಚೂರೂ ಕಳೆಯದ, ಆದರೆ ಜಾಸ್ತಿ ಜಾಗ ತಿನ್ನುವ ಫ್ಲ್ಯಾಕ್ ಫೈಲ್‌ಗಳೇ ಬೇಕು ಅನ್ನುವವರು ಆಪಲ್‌ನ ಸಾಫ್ಟ್‌ವೇರ್ ಬದಲು ರಾಕ್‌ಬಾಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ದೊಡ್ಡ ಕಾರ್ಡ್ ತಗೊಳ್ಳಲಿ. ಉಳಿದವರಿಗೆ ಸುಮ್ನೆ ದುಡ್ಡು ದಂಡ.

ಇನ್ನೂ ಐಪಾಡ್ ಕೊಂಡಿಲ್ಲದವರು ವಿಡಿಯೋ ಮಾಡೆಲ್ಲನ್ನೇ ಹುಡುಕಿ. ಕ್ಲಾಸಿಕ್‌ಗೆ ಹಿಂದೆ ಮುಂದೆ ಎರಡೂ ಕಡೆ ಲೋಹ, ಬಿಚ್ಚುವಷ್ಟರಲ್ಲಿ ಅಂಚೆಲ್ಲ ಸೊಟ್ಟಗಾಗಿರುತ್ತದೆ. ವಿಡಿಯೋದ ಮುಂಭಾಗ ಪ್ಲಾಸ್ಟಿಕ್. ಸಂದಿಗೆ ಗಿಟಾರ್ ಪಿಕ್ ತೂರಿಸಿ ಸುತ್ತ ಎಳೆದರೆ ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ. ಇಲ್ಲಿ ಮಾತ್ರ ಆತುರ ಬೇಡ. ಬ್ಯಾಟರಿ ಹಿಂಬದಿ ಮುಚ್ಚಳಕ್ಕೆ ಅಂಟಿರುತ್ತದೆ, ಅದರ ತೆಳ್ಳನೆಯ ಪಟ್ಟಿ ಬೋರ್ಡಿಗೆ ಹೋಗಿರುತ್ತದೆ. ಸರಕ್ಕನೆ ಎಳೆದಿರೋ, ಹರಿಯಿತು! ಸ್ವಲ್ಪವೇ ತೆರೆದು, ಬೋರ್ಡ್ ಅಂಚಿನ ಕಂದು ಬಣ್ಣದ ಪುಟ್ಟ ಲಾಕನ್ನು ಉಗುರಿನಿಂದ ಮೇಲೆತ್ತಿ, ಪಟ್ಟಿ ಬಿಡಿಸಿ. ಆಮೇಲೆ ಹಾರ್ಡ್ ಡಿಸ್ಕ್ ಜಾಗಕ್ಕೆ ಐಫ್ಲ್ಯಾಶ್ ಥರದ ಅಡಾಪ್ಟರ್ ಬೋರ್ಡ್, ಅದರೊಳಗೆ ಕಾರ್ಡ್. ಮುಚ್ಚುವ ಮೊದಲೇ ಕಂಪ್ಯೂಟರ್‌ಗೆ ಸಿಕ್ಕಿಸಿ ಐಟ್ಯೂನ್ಸ್‌ನಲ್ಲಿ ರಿಸ್ಟೋರ್ ಮಾಡಿ, ಅಂದರೆ ಐಪಾಡ್‌ನ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿ. ರಿಸ್ಟೋರ್ ಪದೇ ಪದೇ ಕೈಕೊಟ್ಟರೆ ನಾನು ಮೊದಲು ಅನುಮಾನಿಸೋದು ಕಾರ್ಡನ್ನೇ. ನಕಲಿ ಕಾರ್ಡ್‌ಗಳ ಹಾವಳಿ ಜಾಸ್ತಿ ಅಲ್ವಾ?

ಕಾರ್ಡ್‌ನಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಹಾಗಾಗಿ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಕೆಳಗೆ ಬಿದ್ದರೂ ಹಾರ್ಡ್ ಡಿಸ್ಕ್ ಹೋಯಿತು ಅನ್ನುವ ಭಯವಿಲ್ಲ. ನನ್ನ ಕೇಳಿದರೆ ಈ ಕೆಲಸಕ್ಕೆ ಕೈ ಹಾಕೋದೇ ಇದಕ್ಕೋಸ್ಕರ, ಜಿಬಿಗಲ್ಲ.

ಐಪಾಡ್ ಮಿನಿ ಇಟ್ಟುಕೊಂಡವರಿಗೆ ಅಡಾಪ್ಟರ್ ಖರ್ಚೂ ಇಲ್ಲ. ಅದರೊಳಗಿನ ಮೈಕ್ರೋಡ್ರೈವ್ ಅನ್ನೋ ಪುಟಾಣಿ ಹಾರ್ಡ್ ಡಿಸ್ಕ್ ಇದ್ದ ಕಡೆಗೆ ಹಳೇ ಕ್ಯಾಮೆರಾಗಳ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ನೇರವಾಗಿ ಕೂರುತ್ತದೆ.