ಎರಡನೆಯ ಸಪ್ರೆಸರ್ ಯಾವುದು ಎಂದು ಕೇಳುವವರಿಗೆ

“ಮಾವ, ಒಂದು ಸಪ್ರೆಸರ್ ಇದೆ. ಎರಡನೆಯದು ಯಾವುದು ತೆಗೆದುಕೊಳ್ಳಲಿ?” ನ್ಯೂಜಿಲೆಂಡಿನಲ್ಲಿ ನೆಲೆಸಿರುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿದಾಗ ತಪ್ಪದೆ ಬರುವ ಪ್ರಶ್ನೆ ಇದು. ಅಲ್ಲಿನ ದಕ್ಷಿಣ ದ್ವೀಪದ ಕುರಿ ಫಾರ್ಮುಗಳಲ್ಲಿ ದುಡಿದು, ಅಲ್ಲಿಯೇ ಬೇಟೆ ಕಲಿತು, ಈಗ ಶಿರಸಿಯ ಅಡಿಕೆ ತೋಟಕ್ಕೆ ಮರಳಿರುವವನು ನಾನು. ಹಾಗಾಗಿ ನನ್ನನ್ನು ಕೇಳುತ್ತಾರೆ. ಸಪ್ರೆಸರ್ ಎಂದರೆ ರೈಫಲಿನ ನಳಿಗೆಯ ತುದಿಗೆ ತಿರುಪಿ ಕೂರಿಸುವ, ಸದ್ದು ತಗ್ಗಿಸುವ ಕೊಳವೆ. ಊರಿನಲ್ಲಿ ಸೈಲೆನ್ಸರ್ ಎಂದರೆ ಎಲ್ಲರಿಗೂ ಗೊತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಪ್ರಶ್ನೆ ಬೇರೆ: “ನಮ್ಮ ಬೆಳೆ ರಕ್ಷಣೆಯ ಕೋವಿಗೂ ಒಂದು ಹಾಕಿಸಬಹುದೇ?” ಮೊದಲು ಹುಡುಗರಿಗೆ ಉತ್ತರಿಸುತ್ತೇನೆ, ಆಮೇಲೆ ಊರಿನವರಿಗೆ.

ಎರಡನೆಯದನ್ನು .22 ರೈಫಲಿಗೆ, ಅಂದರೆ ಸಣ್ಣ ಪ್ರಾಣಿಗಳಿಗೆ ಬಳಸುವ ಚಿಕ್ಕ ಗುಂಡಿನ ರೈಫಲಿಗೆ, ತೆಗೆದುಕೊಳ್ಳಿ. ಈ ಅಂಕಿ ಸುಮಾರಾಗಿ ಗುಂಡಿನ ದಪ್ಪ, ಅಂಗುಲದ ಲೆಕ್ಕದಲ್ಲಿ. ಮೊದಲನೆಯದನ್ನು ಹೆಚ್ಚಿನವರು ಜಿಂಕೆಯ ರೈಫಲಿಗೆ, ಅಂದರೆ .308ರಂಥದಕ್ಕೆ, ಕೊಂಡಿರುತ್ತಾರೆ. ಕೈಯಲ್ಲಿ ಮತ್ತೆ ಹಣ ಕೂಡಿದಾಗ ಅದೇ ರೈಫಲಿಗೆ ಇನ್ನೂ ಉದ್ದನೆಯದನ್ನು, ಮಾರುವವರ ಪಟ್ಟಿಯಲ್ಲಿ ಸದ್ದಿನ ಅಳತೆಯಾದ ಡೆಸಿಬೆಲ್ ಇನ್ನೂ ನಾಲ್ಕು ಕಡಿಮೆ ತೋರಿಸುವುದನ್ನು ಹುಡುಕುತ್ತಾರೆ. ಆದರೆ ಅವರು ಸಿಡಿಸುವ ಗುಂಡುಗಳಲ್ಲಿ ಬಹುಪಾಲು ಹೋಗುವುದು ಮೊಲಕ್ಕೆ ಮತ್ತು ಮರವೇರುವ, ಬೆಕ್ಕಿನಷ್ಟು ದೊಡ್ಡ ಪ್ರಾಣಿಯಾದ ಪಾಸಮ್‌ಗೆ. ಆ ನಾಡಿನಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲಿನ ಸಸ್ತನಿಗಳು ಮೂಲತಃ ಇರಲಿಲ್ಲ. ಜಿಂಕೆ, ಮೊಲ, ಪಾಸಮ್ ಎಲ್ಲವೂ ಹೊರಗಿನಿಂದ ತಂದು ಬಿಟ್ಟವು. ಹುಲ್ಲುಗಾವಲನ್ನೂ ಕಾಡನ್ನೂ ಅವು ತಿಂದು ಹಾಕುತ್ತಿವೆ. ಹಾಗಾಗಿಯೇ ಅಲ್ಲಿ ಬೇಟೆ ಕೃಷಿಯ ಕೆಲಸಗಳಲ್ಲಿ ಒಂದು. ದಿನನಿತ್ಯ ಕೈಗೆ ಬರುವ ರೈಫಲಿಗೆ ಮಾಡಿದ ಖರ್ಚು ದಿನನಿತ್ಯ ಉಪಯೋಗಕ್ಕೆ ಬರುತ್ತದೆ.

ಇನ್ನೂ ದೊಡ್ಡ ಕಾರಣವೊಂದಿದೆ. ಗುಂಡು ಹಾರಿದಾಗ ಕೇಳುವುದು ಎರಡು ಸದ್ದು. ಒಂದು, ನಳಿಗೆಯ ಬಾಯಿಂದ ಒಮ್ಮೆಲೇ ನುಗ್ಗುವ ಬಿಸಿ ಅನಿಲದ ಸ್ಫೋಟ. ಸಪ್ರೆಸರ್ ಆ ಅನಿಲವನ್ನು ಒಳಗಿನ ಅಡ್ಡತಟ್ಟೆಗಳ ನಡುವೆ ಸುತ್ತಾಡಿಸಿ, ತಣಿಸಿ, ನಿಧಾನವಾಗಿ ಹೊರಬಿಡುತ್ತದೆ. 1909ರಲ್ಲಿ ಇದರ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನುಗಳ ಸದ್ದಡಗಿಸುವ ಮಫ್ಲರನ್ನೂ ಮಾಡಿದವರು. ಎರಡರ ತತ್ತ್ವ ಒಂದೇ. ಎರಡನೆಯ ಸದ್ದು ಗುಂಡಿನದೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; .308ರ ಗುಂಡು 800 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. ಶಬ್ದವನ್ನು ಹಿಂದಿಕ್ಕಿ ಓಡುವ ಗುಂಡು ದಾರಿಯುದ್ದಕ್ಕೂ ಚಟೀರೆಂದು ಸಿಡಿಯುತ್ತ ಹೋಗುತ್ತದೆ. ಅದನ್ನು ಜಗತ್ತಿನ ಯಾವ ಸಪ್ರೆಸರೂ ತಡೆಯಲಾರದು. ಸಿನಿಮಾದಲ್ಲಿ ಕೇಳುವ ಆ ‘ಪುಸ್’ ಎಂಬ ಸದ್ದು ಜಿಂಕೆಯ ರೈಫಲಿನಿಂದ ಬರುವುದಿಲ್ಲ.

.22ರಲ್ಲಾದರೆ ಎರಡೂ ಸದ್ದನ್ನು ಸುಲಭವಾಗಿ ಹಿಡಿಯಬಹುದು. ಶಬ್ದಕ್ಕಿಂತ ನಿಧಾನವಾಗಿ ಹೋಗುವ ಸಬ್‌ಸಾನಿಕ್ ತೋಟಾ ಅದಕ್ಕೆ ಎಲ್ಲೆಡೆ ಸಿಗುತ್ತದೆ. ಆ ತೋಟಾ, ಈ ಸಪ್ರೆಸರ್ ಕೂಡಿದರೆ ಪಕ್ಕದ ಮನೆಯವರಿಗೆ ನಿದ್ದೆ ಕೆಡುವುದಿಲ್ಲ, ಬೇಲಿಯಾಚೆಯ ಕುರಿಗಳು ಬೆದರುವುದಿಲ್ಲ, ಕಲಿಯುತ್ತಿರುವ ಮಗ ಅಥವಾ ಮಗಳು ಸದ್ದಿಗೆ ಹೆದರಿ ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬೆಚ್ಚಿ ಹೊಡೆದ ಗುಂಡು ಪ್ರಾಣಿಯನ್ನು ಕೊಲ್ಲದೆ ನರಳಿಸುತ್ತದೆ. ಅದಕ್ಕಿಂತ ಹೊಡೆಯದಿರುವುದೇ ಲೇಸು.

.22ಕ್ಕೆ ಕೊಳ್ಳುವಾಗ ಒಂದನ್ನು ಬಿಡದೆ ನೋಡಿ: ಅದು ಪೂರ್ತಿ ಬಿಚ್ಚಿ ತೊಳೆಯಲು ಬರಬೇಕು. ಆ ತೋಟಾದ ಗುಂಡು ಬರೀ ಸೀಸ, ಮೇಲೆ ಮೇಣದ ಲೇಪ. ಎರಡೂ ಒಳಗೆ ಕಟ್ಟಿಕೊಳ್ಳುತ್ತವೆ. ಬಿಚ್ಚಲಾಗದ ಕೊಳವೆ ದಿನ ಕಳೆದಂತೆ ತೂಕವೇರಿ ಕೆಲಸ ಕಳೆದುಕೊಳ್ಳುತ್ತದೆ. ತೊಳೆಯುವಾಗ ಕೈಗವಸು ಹಾಕಿ, ಸೀಸ ವಿಷ. ಜಿಂಕೆಯ ರೈಫಲಿನದಕ್ಕೆ ಈ ಗೋಳಿಲ್ಲ, ಅದರ ತಾಮ್ರದ ಹೊದಿಕೆಯ ಗುಂಡು ಒಳಗೆ ಅಷ್ಟು ಕೊಳೆ ಬಿಡುವುದಿಲ್ಲ. .22ಕ್ಕೆಂದೇ ಮಾಡಿದ ಹಗುರ ಅಲ್ಯೂಮಿನಿಯಂ ಸಪ್ರೆಸರನ್ನು ಎಂದೂ ದೊಡ್ಡ ರೈಫಲಿಗೆ ಕೂರಿಸಬೇಡಿ. ಅಲ್ಲಿನ ಒತ್ತಡಕ್ಕೆ ಅದು ಒಡೆದು ಮುಖದ ಬಳಿ ಸಿಡಿಯಬಹುದು.

.22 ಇಲ್ಲದವರು, ಬೆಟ್ಟ ಹತ್ತಿ ಜಿಂಕೆಯನ್ನೇ ಹುಡುಕುವವರು, ಎರಡನೆಯದರಲ್ಲಿ ತೂಕ ಮತ್ತು ಉದ್ದ ನೋಡಲಿ. ತುದಿಯಲ್ಲಿ ನೇತಾಡುವ ಅರ್ಧ ಕಿಲೋ ದಿನದ ಕೊನೆಗೆ ತೋಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಟೈಟೇನಿಯಂನದು ಉಕ್ಕಿನದಕ್ಕಿಂತ ತುಂಬ ಹಗುರ. ಒಂದೇ ಸಮನೆ ಗುಂಡು ಹಾರಿಸಿ ಕಾಯಿಸಿದರೆ ಟೈಟೇನಿಯಂ ಬಾಳಿಕೆ ಬರುವುದಿಲ್ಲ ಎನ್ನುವುದು ನಿಜ, ಆದರೆ ಬೇಟೆಯಲ್ಲಿ ಹಾಗೆ ಯಾರು ಹಾರಿಸುತ್ತಾರೆ? ಪೊದೆ ನುಗ್ಗುವವರಿಗೆ, ಅರ್ಧ ಭಾಗ ನಳಿಗೆಯ ಮೇಲೆ ಹಿಂದಕ್ಕೆ ಬರುವ, ನ್ಯೂಜಿಲೆಂಡಿನಲ್ಲಿ ಬಹಳ ಬಳಕೆಯ ಮಾದರಿ ಒಳ್ಳೆಯದು. ರೈಫಲಿನ ಒಟ್ಟು ಉದ್ದ ಅಷ್ಟು ಬೆಳೆಯುವುದಿಲ್ಲ.

.308ರ ಅಳತೆಯ ಒಂದೇ ಸಪ್ರೆಸರ್ .243ಕ್ಕೂ ಸಲ್ಲುತ್ತದೆ, ಸದ್ದು ಸ್ವಲ್ಪ ಹೆಚ್ಚು ಅಷ್ಟೆ. ತಿರುಪಿನ ಎಳೆ ಮಾತ್ರ ಹೊಂದಬೇಕು. ತಿರುಗುಮುರುಗು ಮಾಡಿ .243ರ ಅಳತೆಯದನ್ನು .308ಕ್ಕೆ ಕೂರಿಸಿದರೆ ಗುಂಡು ಒಳಗಿನ ತಟ್ಟೆಗೆ ಬಡಿಯುತ್ತದೆ. ನಳಿಗೆಯ ತುದಿಗೆ ಎಳೆ ಕೊರೆಯುವ ಕೆಲಸವನ್ನು ಬಲ್ಲ ಬಂದೂಕು ಕಮ್ಮಾರನಿಗೇ ಕೊಡಿ, ಕೂದಲೆಳೆಯಷ್ಟು ಓರೆಯಾದರೂ ಇದೇ ಗತಿ. ಸಪ್ರೆಸರ್ ಬದಲಿಸಿದ ಮೇಲೆ ಗುರಿ ಸರಿಯುತ್ತದೆ, ಗುರಿಹಲಗೆಯ ಮೇಲೆ ಮತ್ತೆ ಹೊಂದಿಸದೆ ಕಾಡಿಗೆ ಹೋಗಬೇಡಿ. ಮನೆಗೆ ಬಂದೊಡನೆ ಬಿಚ್ಚಿಡಿ, ಒಳಗಿನ ತೇವ ನಳಿಗೆಗೆ ತುಕ್ಕು ಹಿಡಿಸುತ್ತದೆ.

ಅಮೆರಿಕದಿಂದ ಕೇಳುವವರ ಲೆಕ್ಕ ಬೇರೆ. ನ್ಯೂಜಿಲೆಂಡಿನಲ್ಲಿ ಸಪ್ರೆಸರಿಗೆ ಪ್ರತ್ಯೇಕ ಪರವಾನಗಿ ಬೇಡ. ಅಮೆರಿಕದಲ್ಲಿ 1934ರ ಕಾನೂನಿನಿಂದಾಗಿ ಪ್ರತಿಯೊಂದಕ್ಕೂ ಅರ್ಜಿ, ಬೆರಳಚ್ಚು, ನೋಂದಣಿ. 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದ್ದರೂ ಕಾಗದಪತ್ರ ತಪ್ಪಿಲ್ಲ. ಕೆಲವು ರಾಜ್ಯಗಳಲ್ಲಿ ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ.

ಇನ್ನು ನಮ್ಮ ತೋಟಿಗರಿಗೆ. ಆಗುವುದಿಲ್ಲ. ಕೋವಿಯ ಸದ್ದನ್ನೋ ಬೆಂಕಿಯ ಹೊಳಪನ್ನೋ ತಗ್ಗಿಸುವ ಸಾಧನವನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ನಿಷೇಧಿತ ಶಸ್ತ್ರಗಳ ಸಾಲಿನಲ್ಲಿಯೇ, ಮೊದಲ ವರ್ಗದಲ್ಲಿ ಇಟ್ಟಿವೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೂ ಅದು ಇದಕ್ಕೆ ಅನ್ವಯಿಸುವುದಿಲ್ಲ. ಲೇತಿನವರ ಬಳಿ ಮಾಡಿಸುತ್ತೇನೆ ಎನ್ನುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ. ಕೋವಿಯೂ ಹೋಗುತ್ತದೆ, ಜೈಲಿನ ಬಾಗಿಲೂ ತೆರೆಯುತ್ತದೆ. ಮೇಲಾಗಿ ನಮ್ಮವು ಕೇಪಿನ ಕೋವಿ, ಒಂಟಿನಳಿಗೆಯ ತೋಟಾಕೋವಿ. ಅವುಗಳಿಂದ ಹೊರಡುವುದು ಹರಡಿಕೊಂಡು ಹೋಗುವ ಚರೆ. ರೈಫಲಿನ ಸಪ್ರೆಸರ್ ಅದಕ್ಕೆ ಹೊಂದುವುದೇ ಇಲ್ಲ.

ಅದಕ್ಕಿಂತ ಹೆಚ್ಚಾಗಿ, ನಮ್ಮ ತೋಟದಲ್ಲಿ ಕೋವಿಯ ಕೆಲಸವೇ ಸದ್ದು. ಮಂಗಗಳ ಹಿಂಡು ಎಳೆಗಾಯಿಗೆ ಇಳಿದಾಗ, ರಾತ್ರಿ ಹಂದಿ ಗದ್ದೆಗೆ ನುಗ್ಗಿದಾಗ, ಆಕಾಶಕ್ಕೆ ಹಾರಿಸಿದ ಒಂದು ಈಡಿನ ಸದ್ದು ಕಣಿವೆಯಲ್ಲಿ ಉರುಳಿ ಅವನ್ನು ಓಡಿಸುತ್ತದೆ. ಹೊಡೆಯುವ ಹಕ್ಕು ನಮಗಿಲ್ಲ. ನಮ್ಮ ಕಡೆಯ ಸಾಮಾನ್ಯ ಮಂಗ 1972ರ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಮೊದಲ ಅನುಸೂಚಿಯಲ್ಲಿದೆ, ಹುಲಿಗಿರುವ ರಕ್ಷಣೆಯೇ ಅದಕ್ಕೂ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಬೇಕಾದರೂ ಅಧಿಕಾರಿಯ ಲಿಖಿತ ಅನುಮತಿ ಬೇಕು. ತೋಟಿಗರ ನಷ್ಟ ಸಣ್ಣದೆಂದು ನಾನು ಹೇಳುತ್ತಿಲ್ಲ, ನನ್ನ ಅಡಿಕೆಯೂ ಅದೇ ಮಂಗಗಳ ಪಾಲಾಗುತ್ತಿದೆ. ಆದರೂ ಸದ್ದಿಲ್ಲದ ಕೋವಿ ನಮ್ಮ ಕಾಡಿನಲ್ಲಿ ಬೇಕಾಗಿರುವುದು ಕಳ್ಳಬೇಟೆಯವರಿಗೆ ಮಾತ್ರ.

ಸೈಲೆನ್ಸರ್ ಕೇಳುವವರಲ್ಲಿ ಅನೇಕರ ನಿಜವಾದ ತೊಂದರೆ ಕಿವಿಯದು. ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. 140ರ ಮೇಲಿನ ಒಂದೇ ಒಂದು ಹೊಡೆತವೂ ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲಬಹುದು, ಅವು ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ಏರುದನಿಗಳು: ಹಕ್ಕಿಯ ಕೂಗು, ಮಾತಿನಲ್ಲಿ ‘ಸ’, ‘ಶ’. ವರ್ಷಗಟ್ಟಲೆ ಗದ್ದೆ ಕಾಯ್ದ ಎಷ್ಟೋ ಹಿರಿಯರು ಮೊಮ್ಮಕ್ಕಳ ಮಾತಿಗೆ ತಲೆಯಾಡಿಸಿ ಸುಮ್ಮನಾಗುವುದನ್ನು ನೋಡಿದ್ದೇನೆ. ಸಪ್ರೆಸರ್ ಇರುವ ಹುಡುಗರಿಗೂ ಇದೇ ಎಚ್ಚರಿಕೆ: ಅದು ಕಳೆಯುವುದು ಸುಮಾರು 20ರಿಂದ 35 ಡೆಸಿಬೆಲ್. ಜಿಂಕೆಯ ರೈಫಲ್ 160 ದಾಟುವುದರಿಂದ ಉಳಿಯುವ ಸದ್ದೂ ಸಣ್ಣದಲ್ಲ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ಗಿಗೆ ಯಾವ ಲೈಸೆನ್ಸೂ ಬೇಡ. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತಳ್ಳಬೇಕು. ಅದು ಉಬ್ಬಿ ಕೂರುವ ತನಕ, ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಿರಿ. ಕೋವಿ ಹಿಡಿದವರಷ್ಟೇ ಅಲ್ಲ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವವರೂ ಹಾಕಿಕೊಳ್ಳಲಿ.