ಡೆಬಿಯನ್ ಹೊಸದು, ಪೋಸ್ಟ್‌ಗ್ರೆಸ್ ಹಳೇದು

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ನಾನು ನೋಡಿಕೊಳ್ಳುವ ಸರ್ವರ್ ಒಂದಿದೆ. ಯಾವ ಬೆಳೆಗಾರರಿಂದ ಎಷ್ಟು ಮೂಟೆ ಬಂತು, ಪಾರ್ಚ್‌ಮೆಂಟೋ (ತಿರುಳು ತೆಗೆದು ಒಣಗಿಸಿದ್ದು) ಚೆರ್ರಿಯೋ (ಹಣ್ಣನ್ನೇ ಒಣಗಿಸಿದ್ದು), ಔಟ್‌ಟರ್ನ್ (ಮೂಟೆಗೆ ಸಿಗುವ ಬೀಜ) ಎಷ್ಟು, ಎಲ್ಲ ಅದರಲ್ಲೇ. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾಯಿತೆಂದರೆ ರೋಬಸ್ಟಾ ಮುಗಿಯುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ರಿಪೇರಿ ಏನಿದ್ದರೂ ಮಳೆಗಾಲದಲ್ಲೇ.

2023ರ ಮಳೆಗಾಲದಲ್ಲಿ ಅದರ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ ಅನ್ನು 11ರಿಂದ 12ಕ್ಕೆ ಏರಿಸಿದ್ದೆ. ಅದರ ಜೊತೆ ಲೆಕ್ಕ ಇಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 15ನೇ ಆವೃತ್ತಿ ಬರುತ್ತದೆ, ಬಂದೂ ಇತ್ತು. ಕೆಲಸ ಆಯಿತು ಅಂದುಕೊಂಡು ಕೈ ತೊಳೆದುಕೊಂಡೆ.

2025ರ ಜೂನ್‌ನಲ್ಲಿ ಏನೋ ಹುಡುಕುತ್ತಾ, ಸರ್ವರಿನಲ್ಲಿರುವ ಪೋಸ್ಟ್‌ಗ್ರೆಸ್ ಕ್ಲಸ್ಟರ್‌ಗಳನ್ನು (ಡೇಟಾಬೇಸ್‌ಗಳ ಗುಂಪುಗಳನ್ನು) ಪಟ್ಟಿ ಮಾಡುವ ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಕಮಾಂಡ್ ಕೊಟ್ಟೆ. ಎರಡು ಸಾಲು ಬಂತು. 5432ನೇ ಪೋರ್ಟ್‌ನಲ್ಲಿ ಹಳೇ ಆವೃತ್ತಿ 13, 5433ರಲ್ಲಿ 15. ಲೆಕ್ಕವೆಲ್ಲ 13ರಲ್ಲೇ ನಡೆಯುತ್ತಿತ್ತು, 15 ಖಾಲಿ ಕೂತಿತ್ತು! ಡೆಬಿಯನ್ ಹೊಸ ಆವೃತ್ತಿಯನ್ನು ಪಕ್ಕದಲ್ಲಿ ತಂದಿಡುತ್ತದೆಯೇ ಹೊರತು ನಿಮ್ಮ ಡೇಟಾಕ್ಕೆ ತಾನಾಗಿ ಕೈಹಾಕುವುದಿಲ್ಲ. ಇದು ಒಳ್ಳೇದೇ. ಆದರೆ ಡೆಬಿಯನ್ 12ರ ಸಾಫ್ಟ್‌ವೇರ್ ಭಂಡಾರದಲ್ಲಿ ಪೋಸ್ಟ್‌ಗ್ರೆಸ್ 13 ಇಲ್ಲ, ಹಾಗಾಗಿ ಎರಡು ವರ್ಷ ಅದಕ್ಕೆ ಒಂದು ಭದ್ರತಾ ತೇಪೆಯೂ ಬಂದಿರಲಿಲ್ಲ. ಮೂಲ ಪೋಸ್ಟ್‌ಗ್ರೆಸ್‌ನವರೂ 13ನ್ನು ಕೈಬಿಡಲಿದ್ದದ್ದು 2025ರ ನವೆಂಬರಿನಲ್ಲಿ, ಸರಿಯಾಗಿ ಕುಯ್ಲಿನ ಹೊತ್ತಿಗೆ.

ಮೊದಲು ಪಿಜಿ_ಡಂಪ್‌ಆಲ್‌ನಿಂದ ಎಲ್ಲ ಡೇಟಾದ ಪ್ರತಿ ತೆಗೆದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡೆ. ಆಮೇಲೆ ಖಾಲಿ 15ನ್ನು ಅಳಿಸಬೇಕು, ಇಲ್ಲದಿದ್ದರೆ ಅಪ್‌ಗ್ರೇಡ್ ಮುಂದೆ ಹೋಗುವುದಿಲ್ಲ. ಅಳಿಸುವ ಕಮಾಂಡ್ ಪಿಜಿ_ಡ್ರಾಪ್‌ಕ್ಲಸ್ಟರ್ ಟೈಪ್ ಮಾಡಿ, 15 ಅಂತಲೇ ಬರೆದಿದ್ದೀನಾ ಎಂದು ಮೂರು ಸಲ ಓದಿದೆ. ಅಲ್ಲಿ 13 ಅಂತ ಬಿದ್ದಿದ್ದರೆ ಅಷ್ಟೂ ವರ್ಷದ ಲೆಕ್ಕ ನೀರುಪಾಲಾಗಿ, ಜೇಬಿನ ಪೆನ್‌ಡ್ರೈವ್ ಒಂದೇ ಗತಿ.

ಡೇಟಾವನ್ನು ಹೊಸ ಆವೃತ್ತಿಗೆ ಸಾಗಿಸುವ ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ ಎರಡು ರೀತಿ ಕೆಲಸ ಮಾಡುತ್ತದೆ. ಫೈಲ್‌ಗಳನ್ನೇ ಎತ್ತಿಕೊಂಡು ಹೋಗುವ ವೇಗದ ದಾರಿ ಬಿಟ್ಟು ನಾನು, ಹಳೇದನ್ನು ಓದಿ ಹೊಸದರಲ್ಲಿ ಮತ್ತೆ ಬರೆಯುವ ಡಂಪ್ ದಾರಿ ಹಿಡಿದೆ. ಕಾರಣ, ಬೆಳೆಗಾರರ ಹೆಸರುಗಳು ಕನ್ನಡದಲ್ಲಿವೆ. ಅಕ್ಷರಗಳ ಅನುಕ್ರಮ ಬರುವುದು ಜಿಲಿಬ್‌ಸಿ ಎಂಬ ಸಿಸ್ಟಮ್ ಲೈಬ್ರರಿಯಿಂದ. ಅದು ಬದಲಾದಾಗ ಅನುಕ್ರಮವೂ ಬದಲಾದರೆ ಹಳೇ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಎಡವುತ್ತದೆ, ಇರುವ ಹೆಸರನ್ನೇ ಇಲ್ಲ ಅನ್ನುತ್ತದೆ. ಡಂಪ್‌ನಲ್ಲಿ ಇಂಡೆಕ್ಸ್ ಹೊಸದಾಗಿ ಕಟ್ಟಲ್ಪಡುತ್ತದೆ.

ಅರ್ಧಕ್ಕೆ ಕರೆಂಟ್ ಹೋಯಿತು. ಜೂನ್ ಮಳೆಯಲ್ಲಿ ಹೋಗದೆ ಇನ್ಯಾವಾಗ ಹೋಗಬೇಕು? ಯುಪಿಎಸ್ ನಾಲ್ಕು ನಿಮಿಷ ಕೂಗಿ ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ನೋಡಿದರೆ 13 ಏನೂ ಆಗದವನ ಹಾಗೆ ಎದ್ದು ಕೂತಿದೆ. ಡಂಪ್ ದಾರಿಯಲ್ಲಿ ಹಳೇದನ್ನು ಬರೀ ಓದುವುದು ತಾನೆ. ಅರೆಬೆಂದ 15ನ್ನು ಅಳಿಸಿ, ಈ ಸಲ ಜನರೇಟರ್ ಹಾಕಿಸಿ ಮತ್ತೆ ಶುರು ಮಾಡಿದೆ. ಹನ್ನೊಂದು ನಿಮಿಷ ಹಿಡಿಯಿತು.

13ನ್ನು 5433ರಲ್ಲಿ ನಿಲ್ಲಿಸಿಟ್ಟಿದ್ದೆ. ಜುಲೈ ಲೆಕ್ಕ ತಾಳೆಯಾದ ಮೇಲೆ, ಮತ್ತೆ ಮೂರು ಸಲ ಓದಿ, ಅಳಿಸಿದೆ.