ಪೈಲ್ವಾನರ ಚಾಂಕೊ, ಕಕ್ಕಡದ ಮಳೆಯಲ್ಲಿ

ಗೋಣಿಕೊಪ್ಪ, ಭಾನುವಾರ, ಜುಲೈ 27, 2025

ನಗೋಯಾದಲ್ಲಿ ಇವತ್ತು ಸುಮೊ ಪಂದ್ಯಾವಳಿಯ ಹದಿನೈದನೇ ದಿನ, ಅಂದರೆ ಕೊನೆಯ ದಿನ. ಅಲ್ಲಿ ಸಂಜೆ ಆರಕ್ಕೆ ಮುಗಿದರೆ ಇಲ್ಲಿ ಮಧ್ಯಾಹ್ನ ಎರಡೂವರೆ. ಪಟ್ಟ ಹೋಗಿದ್ದು ಕೊತೊಶೋಹೊಗೆ, 13-2. ಇಲ್ಲಿ ಕಕ್ಕಡ, ಕೊಡವರ ಮಳೆಗಾಲದ ತಿಂಗಳು, ಹೊರಗೆ ಮಳೆ ಬಿಟ್ಟಿಲ್ಲ. ಇಂಥ ದಿನ ಚಾಂಕೊ-ನಾಬೆಯ, ಅಂದರೆ ಸುಮೊ ಪೈಲ್ವಾನರು ಒಂದೇ ಪಾತ್ರೆಯಲ್ಲಿ ಮಾಂಸ, ತರಕಾರಿ ಬೇಯಿಸಿ ತಿನ್ನುವ ಸಾರಿನ, ಮಾತು ಬರದೇ ಇರುವುದಿಲ್ಲ: ಟೋಕಿಯೊಗೆ ಹೋದವರು ಯಾವ ಪೈಲ್ವಾನರ ಹೋಟೆಲಿಗೆ ಹೋಗಬೇಕು, ಹೋಗದವರು ಕೊಡಗಿನ ಸಂತೆ ಸಾಮಾನಿನಲ್ಲಿ ಅದನ್ನು ಹೇಗೆ ಮಾಡಿಕೊಳ್ಳಬೇಕು?

ಮೊದಲು ಹೋಟೆಲು. ಸುಮೊದಲ್ಲಿ ಆರು ದರ್ಜೆ, ಸಂಬಳ ಮೇಲಿನ ಎರಡಕ್ಕೆ ಮಾತ್ರ. ಉಳಿದವರಿಗೆ ಊಟ, ವಸತಿ, ಸ್ವಲ್ಪ ಭತ್ಯೆ. ಅಡುಗೆ ಪಾಳಿಯೂ ಅವರದ್ದೇ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಅಭ್ಯಾಸ, ಹನ್ನೊಂದರ ಹೊತ್ತಿಗೆ ದೊಡ್ಡ ಪಾತ್ರೆ ಸಿದ್ಧವಾಗಬೇಕು. ಹಿರಿಯರು ಮೊದಲು ಕೂರುತ್ತಾರೆ, ಬೇಯಿಸಿದವರು ಕೊನೆಗೆ. ನಿವೃತ್ತಿಯಾದ ಮೇಲೆ ಸಂಘದಲ್ಲೇ ಉಳಿಯಲು ಇರುವ ಹಿರಿಯರ ಸ್ಥಾನಗಳು 105. ಮಿಕ್ಕವರಿಗೆ ಕೈಯಲ್ಲಿರುವ ವಿದ್ಯೆ ಸೌಟಿನದ್ದು. ಹಾಗಾಗಿ ಯೊಕೊಜುನಾ, ಅಂದರೆ ಅತ್ಯುನ್ನತ ಪದವಿಯ ಪೈಲ್ವಾನರ, ಹೆಸರಿನ ಬೋರ್ಡು ನೋಡಿ ನುಗ್ಗಬೇಡಿ. ಬೇಗ ಮೇಲೇರಿದವರು ಒಲೆ ಮುಂದೆ ನಿಂತದ್ದು ಕಡಿಮೆ. ಹತ್ತು ವರ್ಷ ಕೆಳದರ್ಜೆಯಲ್ಲೇ ಉಳಿದವರ ಸಾರು ಬಹಳ ಸಲ ಅವರದ್ದಕ್ಕಿಂತ ಚೆನ್ನಾಗಿರುತ್ತದೆ. ಕಾಫಿ ತೋಟದ ಮನೆಯ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಕಾಫಿಪುಡಿ ಮಾರಿದರೆ ನಂಬುತ್ತೇವಲ್ಲ, ಅದೇ ಲೆಕ್ಕ.

ಇಂಥ ಹೋಟೆಲುಗಳು ಹೆಚ್ಚಾಗಿ ಸಿಗುವುದು ಟೋಕಿಯೊದ ರ್‍ಯೊಗೊಕುದಲ್ಲಿ, 1985ರಲ್ಲಿ ತೆರೆದ ಈಗಿನ ಕೊಕುಗಿಕಾನ್ ಕ್ರೀಡಾಂಗಣದ ಸುತ್ತಮುತ್ತ. ಅಲ್ಲಿನ ಹಳೆಯ ಹೋಟೆಲು ಕವಾಸಾಕಿ, ಮಾಜಿ ಪೈಲ್ವಾನರೊಬ್ಬರು 1937ರಲ್ಲಿ ಶುರು ಮಾಡಿದ್ದು. ಟೋಕಿಯೊ ಪಂದ್ಯಾವಳಿ ನಡೆಯುವ ಜನವರಿ, ಮೇ, ಸೆಪ್ಟೆಂಬರ್‌ಗಳಲ್ಲಿ ಮುಂಚೆಯೇ ಜಾಗ ಕಾದಿರಿಸಿ. ನಾಬೆಯನ್ನು ಸಾಮಾನ್ಯವಾಗಿ ಇಬ್ಬರಿಗಿಂತ ಕಡಿಮೆ ಜನಕ್ಕೆ ಕೊಡುವುದಿಲ್ಲ. ಕೇಳದೆಯೇ ಮುಂದಿಡುವ ಚಿಕ್ಕ ಬಟ್ಟಲಿನ ತಿಂಡಿಗೆ ಬಿಲ್ಲಿನಲ್ಲಿ ದುಡ್ಡು ಬೀಳುತ್ತದೆ, ಜಗಳ ಬೇಡ. ಟಿಪ್ಸ್ ಇಡುವಂತಿಲ್ಲ. ಚಾಪೆಯ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಸಸ್ಯಾಹಾರಿಗಳಿಗೊಂದು ಮಾತು: ತೋಫು, ಸೊಪ್ಪು ಎಷ್ಟೇ ಕಾಣಲಿ, ಸಾರು ಕೋಳಿ ಮೂಳೆಯದ್ದು ಅಥವಾ ಮೀನಿನದ್ದು.

ಈಗ ಮನೆಯದ್ದು, ನಾಲ್ವರಿಗೆ.

ನಾಟಿ ಕೋಳಿಯ ಮೂಳೆ, ಕತ್ತು, ಕಾಲು ಸೇರಿ ಮುಕ್ಕಾಲು ಕೆಜಿ. ಮೇಲೆ ಕುದಿಯುವ ನೀರು ಸುರಿದು, ಅಂಟಿದ ರಕ್ತವನ್ನೆಲ್ಲ ಉಜ್ಜಿ ತೊಳೆಯಿರಿ. ಇದನ್ನು ಬಿಟ್ಟರೆ ಸಾರು ಬೂದು ಬಣ್ಣಕ್ಕೆ ತಿರುಗಿ ಹಸಿ ವಾಸನೆ ಹೊಡೆಯುತ್ತದೆ, ಎಷ್ಟು ಶುಂಠಿ ಹಾಕಿದರೂ ಹೋಗದು. ಎರಡೂವರೆ ಲೀಟರ್ ತಣ್ಣೀರಲ್ಲಿ ಇಟ್ಟು, ನೊರೆ ತೆಗೆಯುತ್ತ, ಮುಚ್ಚಳ ಹಾಕದೆ ಎರಡು ಗಂಟೆ ಸಣ್ಣ ಉರಿ. ಶೋಧಿಸಿದಾಗ 1.8 ಲೀಟರ್ ಇರಬೇಕು, ಕಮ್ಮಿಯಾದರೆ ನೀರು ಸೇರಿಸಿ. ಅದಕ್ಕೆ ಸೋಯಾ ಸಾಸ್ 90 ಎಂಎಲ್, ಸಕ್ಕರೆ ಒಂದು ದೊಡ್ಡ ಚಮಚ. ಬೇರೆ ಉಪ್ಪು ಬೇಡವೇ ಬೇಡ. ಮೇಜಿನ ಮೇಲೆ ಕುದಿಯುತ್ತ ಕುದಿಯುತ್ತ ಸಾರು ಬತ್ತಿ ತಾನೇ ಉಪ್ಪಾಗುತ್ತದೆ. ಗೋಬಿ ಮಂಚೂರಿಗೆ ಹಾಕುವ ಡಾರ್ಕ್ ಸೋಯಾ ಸಾಸ್ ಮಾತ್ರ ತರಬೇಡಿ, ಪಾತ್ರೆಯೆಲ್ಲ ಕಪ್ಪಾಗಿ ಸುಟ್ಟ ಸಕ್ಕರೆಯ ರುಚಿ ಬರುತ್ತದೆ. ಒಳ್ಳೆಯ ಸೋಯಾ ಸಾಸ್, ದಪ್ಪ ನೂಡಲ್ಸ್ ಬೈಲುಕುಪ್ಪೆಯ ಟಿಬೆಟನ್ ಅಂಗಡಿಗಳಲ್ಲಿ ಹುಡುಕಿ.

ಸಾರಿಗೆ ಬಿಡುವ ಮಾಂಸದ ಉಂಡೆಗೆ ನಾಟಿ ಕೋಳಿ ಆಗದು, ನಾರು. ಬ್ರಾಯ್ಲರ್ ತೊಡೆ ಮಾಂಸದ ಖೀಮಾ 400 ಗ್ರಾಂ ಹಿಡಿಯಿರಿ. ಮೊದಲು ಅರ್ಧ ಚಮಚಕ್ಕಿಂತ ತುಸು ಜಾಸ್ತಿ ಉಪ್ಪೊಂದನ್ನೇ ಹಾಕಿ, ಬೆರಳಿಗೆ ಅಂಟಿ ಎಳೆ ಬರುವವರೆಗೆ ನಾದಬೇಕು. ಆಮೇಲೆ ಒಂದು ಮೊಟ್ಟೆ, ಶುಂಠಿ ರಸ, ಹೆಚ್ಚಿದ ಈರುಳ್ಳಿ ಸೊಪ್ಪು, ಎರಡು ಚಮಚ ಕಾರ್ನ್‌ಫ್ಲೋರ್. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಿದರೆ ಉಂಡೆ ಸಾರಿನಲ್ಲಿ ಒಡೆದು ಪುಡಿಯಾಗುತ್ತದೆ.

ಹಾಕುವ ಸರದಿ ತಪ್ಪಿದರೆ ಇಷ್ಟೆಲ್ಲ ಮಾಡಿದ್ದೂ ದಂಡ. ನಮ್ಮ ಮೂಲಂಗಿ ಘಾಟು, ಬೇರೆ ನೀರಲ್ಲಿ ಐದು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಸಾರಿಗೆ ಮೊದಲು ಮೂಲಂಗಿ, ಕ್ಯಾರೆಟ್. ಎಂಟು ನಿಮಿಷದ ಮೇಲೆ ಎರಡು ಚಮಚದಲ್ಲಿ ಉಂಡೆ ಬಿಡುವುದು. ಅವು ತೇಲಿ ಬಂದ ಮೇಲೂ ಮೂರು ನಾಲ್ಕು ನಿಮಿಷ ಬಿಟ್ಟು ಕೋಸಿನ ದಂಟು, ಅಣಬೆ, ತೋಫು. ಎಲೆ ಭಾಗ ಮತ್ತು ಸೊಪ್ಪು ಬಟ್ಟಲಿಗೆ ಬಡಿಸುವ ಒಂದು ನಿಮಿಷ ಮುಂಚೆ. ತೋಫು ಬದಲು ಪನೀರ್ ಹಾಕಿದರೆ ಸಾರು ಹೀರದೆ ಸಪ್ಪೆಯಾಗಿ ಉಳಿಯುತ್ತದೆ. ಕಾಡಿನ ಅಣಬೆ, ಗುರುತು ಖಚಿತವಿದ್ದರೆ ಮಾತ್ರ. ಬೈಂಬಳೆ (ಬಿದಿರಿನ ಕಳಲೆ) ಹಾಕುವುದಾದರೆ ದಿನಾ ನೀರು ಬದಲಿಸುತ್ತ ನೆನೆಸಿ, ಬೇಯಿಸಿ ನೀರು ಬಸಿದು ನೂರು ಗ್ರಾಂ, ಸಾಕು. ಹೆಚ್ಚಾದರೆ ಬೇರೇನೂ ಮೂಗಿಗೆ ಬರುವುದಿಲ್ಲ.

ಕೊಡಗಿನವರು ಹಂದಿ ಕೇಳದೇ ಬಿಡುತ್ತಾರೆಯೇ? ಪಂದ್ಯದ ದಿನಗಳಲ್ಲಿ ಪೈಲ್ವಾನರು ಕೋಳಿಯನ್ನೇ ಶುಭ ಎನ್ನುತ್ತಿದ್ದರು, ಅದು ಎರಡು ಕಾಲ ಮೇಲೆ ನಿಲ್ಲುತ್ತದೆ. ಕಣದಲ್ಲಿ ಕೈ ನೆಲಕ್ಕೆ ತಗುಲಿದರೆ ಸೋಲು. ಈಗ ಹಂದಿ, ದನ ಎಲ್ಲವೂ ನಡೆಯುತ್ತದೆ. ಹೊಟ್ಟೆ ಭಾಗವನ್ನು ಫ್ರೀಜರಿನಲ್ಲಿ ಒಂದು ಗಂಟೆ ಗಟ್ಟಿ ಮಾಡಿ ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಪಂದಿ ಕರಿಗೆ ಹಾಕುವ ಹಾಗೆ ತುಂಡು ಮಾಡಿದರೆ ಮೇಜಿನ ಒಲೆಯಲ್ಲಿ ಬೇಯುವ ಹೊತ್ತಿಗೆ ಎಲ್ಲರೂ ಎದ್ದಿರುತ್ತಾರೆ. ಕಾಚಂಪುಳಿಗೆ, ಕೊಡಗಿನ ಆ ಕಪ್ಪು ಹುಳಿಗೆ, ಪಾತ್ರೆಯೊಳಗೆ ಜಾಗವಿಲ್ಲ. ಅದ್ದಿಕೊಳ್ಳುವ ಬಟ್ಟಲಿಗೆ ಸರಿ: ಸೋಯಾ ಸಾಸ್ ಮೂರು ಚಮಚ, ನಿಂಬೆ ರಸ ಎರಡು, ಕಾಚಂಪುಳಿ ಕಾಲು ಚಮಚ. ಪಕ್ಕಕ್ಕೆ ಐದು ಸೂಜಿ ಮೆಣಸು, ಎರಡು ನಿಂಬೆಯ ತುರಿದ ಸಿಪ್ಪೆ, ಅರ್ಧ ಚಮಚ ಉಪ್ಪು ಕುಟ್ಟಿಟ್ಟರೆ ಮಳೆಯ ಚಳಿ ಹತ್ತಿರ ಸುಳಿಯದು.

ಮೇಜಿನ ಮೇಲೆ ಡಬ್ಬಿ ಗ್ಯಾಸಿನ ಒಲೆ ಇಡುವವರು ಡಬ್ಬಿಯ ಮೇಲಕ್ಕೂ ಚಾಚುವಷ್ಟು ಅಗಲದ ಪಾತ್ರೆ ಇಡಬಾರದು. ಶಾಖ ಕೆಳಕ್ಕೆ ಬಡಿದು ಡಬ್ಬಿ ಸಿಡಿಯಬಹುದು. ಎಷ್ಟೇ ಎರಚಲು ಹೊಡೆಯಲಿ, ಒಂದು ಕಿಟಕಿ ತೆರೆದಿರಲಿ. ಕೆಂಡದ ಒಲೆ ಮನೆಯೊಳಗೆ ತರುವ ಮಾತೇ ಬೇಡ.

ಕೊನೆಯಲ್ಲಿ ಉಳಿದ ಸಾರು ಅರ್ಧ ಲೀಟರಿನಷ್ಟಿದ್ದರೆ ಎರಡು ಬಟ್ಟಲು ತಣ್ಣಗಿನ ಅನ್ನ. ಅನ್ನವನ್ನು ಒಮ್ಮೆ ನೀರಲ್ಲಿ ಜಾಲಿಸಿ, ಇಲ್ಲವಾದರೆ ಅಂಟಿನಂತೆ ಗಟ್ಟಿಯಾಗುತ್ತದೆ. ಮೂರು ನಿಮಿಷ ಕುದಿ, ಒಡೆದ ಎರಡು ಮೊಟ್ಟೆ ಸುತ್ತಲೂ ಸುರಿದು ಉರಿ ಆರಿಸಿ, ಒಂದು ನಿಮಿಷ ಮುಚ್ಚಿಡಿ. ನೂಡಲ್ಸ್ ಬದಲು ನೂಪುಟ್ಟು (ಅಕ್ಕಿ ಶಾವಿಗೆ) ಹಾಕುವ ಯೋಚನೆ ಬಂದರೆ ಬಿಡಿ, ಕರಗಿ ಗಂಜಿಯಾಗುತ್ತದೆ. ಬಳಸದ ಮೂಳೆ ಸಾರು ಎತ್ತಿಡುವವರು ಈ ತಿಂಗಳಿನ ಕರೆಂಟ್ ನಂಬಿ ಫ್ರಿಜ್ಜಿನಲ್ಲಿ ಮರೆಯಬೇಡಿ. ಮಾರನೇ ದಿನವೇ ಚೆನ್ನಾಗಿ ಕುದಿಸಿ ಖಾಲಿ ಮಾಡಿ.